ಹಲ್ಲು ಕೀಳಿಸುವ ಮುಂಚೆ ಒಂದು ಕ್ಯಾಸೆಟ್ಟು

ಉಸ್ತಾದರ ಮೇಲಿನ ಎರಡು ಮುಂದಿನ ಹಲ್ಲು ಅಲುಗಾಡುತ್ತಿವೆ ಎಂಬುದು ನಮಗೆಲ್ಲ ಗೊತ್ತಾದದ್ದು ಬಾದಾಮಿಯ ಒಂದು ಮದುವೆಯಲ್ಲಿ. ಬೀಗರು ಬಸ್ಸಿನಿಂದ ಇಳಿಯುತ್ತಿದ್ದರು. ನಾವು ಅವರನ್ನು ಎದುರುಗೊಳ್ಳುವ ಧಾಟಿ ಹಿಡಿದಿದ್ದೆವು. ಮೇಲಿನ ಸ್ವರಕ್ಕೆ ಏರಬೇಕಾದ ಜಾಗದಲ್ಲಿ ಕ್ಲಾರಿನೆಟ್ಟು ಕೀಂಯ್ ಎಂದು ಕೂಗಿ ಸುಮ್ಮನಾಯಿತು. ಉಸ್ತಾದರು ವಾದ್ಯವನ್ನು ಬಾಯಿಂದ ತೆಗೆದು ಅಂಗೈಯಿಂದ ತುಟಿ ಮುಚ್ಚಿಕೊಂಡರು. ನಮ್ಮ ಟ್ರಂಪೆಟ್ಟಿನವನು ಚುರುಕಿನ ಮನುಷ್ಯ, ಆ ಸಾಲನ್ನು ತಾನೇ ಎತ್ತಿಕೊಂಡ. ಬೀಗರಿಗೆ ಏನೂ ತಿಳಿಯಲಿಲ್ಲ, ಅವರ ಲಕ್ಷ್ಯವೆಲ್ಲ ಶರಬತ್ತಿನ ಮೇಲಿತ್ತು.

ನಮ್ಮದು ಇಳಕಲ್ಲಿನ ಬ್ಯಾಂಡ್ ಕಂಪನಿ. ಉಸ್ತಾದರು ಅದನ್ನು ಕಟ್ಟಿದವರು, ಮುಂದೆ ನಿಂತು ಕ್ಲಾರಿನೆಟ್ಟು ನುಡಿಸುವವರು. ನಾನು ದೊಡ್ಡ ಡ್ರಮ್ಮಿನವನು. ಬೀರಪ್ಪನ ಗುಡಿಯ ಮುಂದೆ ಡೊಳ್ಳು ಬಾರಿಸಿಕೊಂಡು ಆರಾಮಾಗಿದ್ದ ನನ್ನನ್ನು ಹಿಡಿದು ತಂದು, ಕೆಂಪು ಕೋಟು ತೊಡಿಸಿ, ಹೊಟ್ಟೆಗೆ ಡ್ರಮ್ ಕಟ್ಟಿದವರು ಅವರೇ. ನಾನು ಹೇಳುತ್ತಿರುವುದು ಎಂಬತ್ತರ ದಶಕದ ನಡುವಿನ ಮಾತು. ಆ ಹೊತ್ತಿಗೆ ನಮಗೆಲ್ಲ ಸಾಕಷ್ಟು ವಯಸ್ಸಾಗಿತ್ತು, ಕೋಟಿನ ಗುಂಡಿ ಹಾಕಿಕೊಂಡರೆ ಉಸಿರು ಆಡುತ್ತಿರಲಿಲ್ಲ.

ಕ್ಲಾರಿನೆಟ್ಟಿನ ಮೂತಿಯನ್ನು ಮೇಲಿನ ಹಲ್ಲು ಒತ್ತಿ ಹಿಡಿಯಬೇಕು, ಕೆಳಗಿನ ತುಟಿ ಅದರ ರೀಡಿಗೆ, ಅಂದರೆ ಸದ್ದು ಹುಟ್ಟಿಸುವ ತೆಳು ಪಟ್ಟಿಗೆ, ಒತ್ತಾಗಿ ನಿಲ್ಲಬೇಕು. ಹಲ್ಲು ಅಲುಗಾಡಿದರೆ ಸ್ವರವೂ ಅಲುಗಾಡುತ್ತದೆ. ಹಲ್ಲು ಹೋದರೆ ಆ ವಯಸ್ಸಿನಲ್ಲಿ ಹೊಸದಾಗಿ ಬಾಯಿ ಕೂಡಿಸುವುದು ಆಗದ ಮಾತು. ಮರುದಿನವೇ ನಾನು ಅವರನ್ನು ಬಾಗಲಕೋಟೆಯ ಹಲ್ಲಿನ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರರು ಬಾಯಿ ತೆರೆಸಿ ನೋಡಿ ತಲೆ ಅಲ್ಲಾಡಿಸಿದರು.

"ಎರಡೂ ತಗೀಬೇಕ್ರಿ ಅಜ್ಜಾರ. ಒಳಗ ಕೀವ ತುಂಬೇತಿ. ಇವತ್ತ ತಗದ್ರ ಛಲೋ."

"ಇವತ್ತ ಬ್ಯಾಡ್ರಿ."

"ಮತ್ಯಾವಾಗ?"

"ಕ್ಯಾಸೆಟ್ ಆಗ್ಲಿ."

ಡಾಕ್ಟರರು ನನ್ನ ಮುಖ ನೋಡಿದರು. ನಾನು ಉಸ್ತಾದರ ಮುಖ ನೋಡಿದೆ. ಕ್ಯಾಸೆಟ್ಟಿನ ಸುದ್ದಿ ನನ್ನ ಕಿವಿಗೆ ಬಿದ್ದದ್ದೂ ಆಗಲೇ. ಡಾಕ್ಟರರು ಗುಳಿಗೆ ಬರೆದುಕೊಟ್ಟು, ಲವಂಗದ ಎಣ್ಣೆ ಹಚ್ಚಲು ಹೇಳಿ, ಭಾಳ ದಿನ ತಡೆದರೆ ಕೀವು ದವಡೆಗೆ ಇಳಿಯುತ್ತದೆಂದು ಎಚ್ಚರಿಸಿ ಕಳಿಸಿದರು.

ತಿರುಗಿ ಬರುವ ಬಸ್ಸಿನಲ್ಲಿ ಉಸ್ತಾದರು ಬಾಯಿ ಬಿಟ್ಟರು. ಅರವತ್ತರ ದಶಕದ ಆರಂಭದಲ್ಲಿ ಹುನಗುಂದದ ಒಬ್ಬ ಅಡತಿ ಅಂಗಡಿಯ ಸಾವಕಾರರು ಮುಂಬಯಿಯಿಂದ ಸ್ಪೂಲ್ ಟೇಪು ಸುತ್ತುವ ಮಷೀನು ತಂದಿದ್ದರು. ಸುತ್ತಲಿನ ಊರುಗಳಲ್ಲಿ ಅಂಥದ್ದು ಅದೊಂದೇ. ಸಾವಕಾರರಿಗೆ ನಮ್ಮ ಬ್ಯಾಂಡೆಂದರೆ ಪ್ರಾಣ. ಒಂದು ದಿನ ಮಷೀನನ್ನು ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಇಟ್ಟುಕೊಂಡು ಇಳಕಲ್ಲಿಗೆ ಬಂದು ನಾವು ತಾಲೀಮು ಮಾಡುವುದನ್ನೇ ಹಿಡಿದುಕೊಂಡು ಹೋಗಿದ್ದರು. ನಮ್ಮ ಕಂಪನಿಯ ಮೊಟ್ಟಮೊದಲ ರೆಕಾರ್ಡು ಅದು. ಆಮೇಲೆ ಅದನ್ನು ನಾವೂ ಮರೆತೆವು, ಸಾವಕಾರರೂ ಮರೆತರು.

"ಕ್ಯಾಸೆಟ್ಟಿನ ಒಂದು ಮಗ್ಗಲಿಗೆ ಆ ಹಳೇದು ಹಾಕೂಣು. ಇನ್ನೊಂದು ಮಗ್ಗಲಿಗೆ ಅವ ಧಾಟಿ ಈಗ ಹೊಸದಾಗಿ ಬಾರ್ಸೂಣು," ಎಂದರು ಉಸ್ತಾದರು. "ಹಲ್ಲು ಹೋದ ಮ್ಯಾಲ ನನ್ನ ಕೈಯಾಗ ಏನ ಉಳೀತೈತಿ ಹೇಳು ತಮ್ಮಾ. ಒಂದರೆ ನನ್ನ ಮನಸಿಗೆ ಬಂದಂಗ ಆಗ್ಲಿ."

ನಾನು ಕಿಟಕಿಯ ಹೊರಗೆ ನೋಡುತ್ತ, "ಮದಲ ಹುನಗುಂದದಾಗ ಇಳಿಯೂಣ ನಡ್ರಿ," ಎಂದೆ.

ಆ ಹಳೆಯ ಧಾಟಿಗಳ ಬಗ್ಗೆ ಎರಡು ಮಾತು ಹೇಳಬೇಕು. ಬೇರೆ ಬ್ಯಾಂಡಿನವರು ಎಡ ಬಲ, ಎಡ ಬಲ ಎಂದು ಹೆಜ್ಜೆ ನೆಲಕ್ಕೆ ಬಿದ್ದಾಗ ಡ್ರಮ್ ಬಾರಿಸಿದರೆ, ನಮ್ಮ ಪೆಟ್ಟು ಹೆಜ್ಜೆ ನೆಲ ಬಿಟ್ಟು ಎದ್ದಾಗ ಬೀಳುತ್ತಿತ್ತು. ಟ್ರಂಪೆಟ್ಟೂ ಅಲ್ಲೇ ಚುಟುಕಾಗಿ ಕೂಗುತ್ತಿತ್ತು. ಜನ ಅದಕ್ಕೆ ಅಡ್ಡಪೆಟ್ಟು ಎಂದು ಹೆಸರಿಟ್ಟಿದ್ದರು. ಅದು ಕೇಳಿಸಿದರೆ ಸಾಕು, ಮದುವೆಗೆ ಬಂದ ಮುದುಕರ ಹೆಗಲೂ ತಾನಾಗಿ ಎದ್ದು ಕುಣಿಯುತ್ತಿತ್ತು. ಇಳಕಲ್ಲಿನ ಬ್ಯಾಂಡೇ ಬೇಕೆಂದು ಬಾಗಲಕೋಟೆಯ ಪೇಟೆಯವರು ಮದುವೆಯ ಮುಹೂರ್ತವನ್ನೇ ಹಿಂದೆ ಮುಂದೆ ಮಾಡಿದ್ದುಂಟು. ಕಾಲ ಕಳೆದಂತೆ ಎಲ್ಲರೂ ಸಿನಿಮಾ ಹಾಡು ಕೇಳತೊಡಗಿದರು, ನಾವೂ ನೆಟ್ಟಗೆ ಬಾರಿಸತೊಡಗಿದೆವು. ಅಡ್ಡಪೆಟ್ಟು ನಮ್ಮ ಕೈಯಲ್ಲಿ ಹಾಗೇ ಇದೆ, ಕೇಳುವವರಿಲ್ಲ ಅಷ್ಟೇ ಎಂದು ನಾನು ತಿಳಿದಿದ್ದೆ.

ಹುನಗುಂದದ ಸಾವಕಾರರು ನಮ್ಮನ್ನು ಕಂಡು ಕುಣಿದಾಡುವುದೊಂದು ಬಾಕಿ. ಅಟ್ಟದಿಂದ ಮಷೀನು ಇಳಿಸಿದರು. ಒಳಗೆ ಮೋಟಾರಿನಿಂದ ಚಕ್ರಕ್ಕೆ ಹೋಗುವ ರಬ್ಬರಿನ ಪಟ್ಟಿ ಒಣಗಿ ಪುಡಿಯಾಗಿತ್ತು. ಸ್ಪೂಲು ಮಾತ್ರ ಡಬ್ಬಿಯಲ್ಲಿ ಭದ್ರವಾಗಿತ್ತು. ಎಲ್ಲವನ್ನೂ ದುಪ್ಪಟಿಯಲ್ಲಿ ಸುತ್ತಿ, "ನನ್ನ ಕೂಸ ಇದ್ದಂಗ, ಜ್ವಾಕಿ," ಎಂದು ಬಸ್ಸಿನವರೆಗೆ ಬಂದು ಕೂಡಿಸಿಕೊಟ್ಟರು.

ಬಾಗಲಕೋಟೆಯ ಹಳೇ ಪೇಟೆಯ ಒಂದು ಓಣಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತ, ಕ್ಯಾಸೆಟ್ಟು ಮಾರುತ್ತ, ಹಿಂದಿನ ಕೋಣೆಯಲ್ಲಿ ಭಜನಾ ಮೇಳಗಳ ಹಾಡು ಮುದ್ರಿಸುತ್ತಿದ್ದ ಒಬ್ಬನಿದ್ದ. ನಾವು ಅವನನ್ನು ಮೇಸ್ತ್ರಿ ಎನ್ನುತ್ತಿದ್ದೆವು. ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನ ಪಾಲಾಗಿದೆ. ಮೇಸ್ತ್ರಿಯ ಕೈ ಚೊಕ್ಕ, ಕಿವಿ ಅದಕ್ಕಿಂತ ಚೊಕ್ಕ, ನಾಲಿಗೆ ಮಾತ್ರ ಕತ್ತರಿ. ಮಷೀನಿಗೆ ಸೈಕಲ್ ಟ್ಯೂಬನ್ನು ತೆಳ್ಳಗೆ ಉಂಗುರದಂತೆ ಕತ್ತರಿಸಿ ಪಟ್ಟಿ ಮಾಡಿ ಹಾಕಿದ. ಸ್ಪೂಲು ನಡುವೆ ಒಂದು ಕಡೆ ಹರಿದಾಗ ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿ, ಹಿಂದಿನಿಂದ ಅಂಟುಪಟ್ಟಿ ಹಚ್ಚಿ ಕೂಡಿಸಿದ. ಓರೆಯಾಗಿ ಕತ್ತರಿಸಿದರೆ ಕೂಡಿಸಿದ ಕಡೆ ಟಪ್ ಎನ್ನುವುದಿಲ್ಲವಂತೆ. ಮೊದಲು ಹೊಸ ರೆಕಾರ್ಡು ಮುಗಿಸೋಣ, ಹಲ್ಲಿನ ಅವಸರ ಅದಕ್ಕಿದೆ, ಹಳೆಯದನ್ನು ಆಮೇಲೆ ನೋಡೋಣ ಎಂದು ಮಾತಾಯಿತು.

ಅವನ ಕೋಣೆಯ ಗೋಡೆಗಳಿಗೆಲ್ಲ ಗೋಣಿ ತಟ್ಟು, ಅದರ ಮೇಲೆ ಕೌದಿ. ಸದ್ದು ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಆ ಉಪಾಯ. ಫ್ಯಾನು ಹಾಕುವಂತಿಲ್ಲ, ಅದರ ಗುಂಯ್ ಎನ್ನುವುದು ಟೇಪಿಗೆ ಇಳಿಯುತ್ತದೆ. ಬಾಗಲಕೋಟೆಯ ಬೇಸಿಗೆಯಲ್ಲಿ, ಮುಚ್ಚಿದ ಕೋಣೆಯಲ್ಲಿ, ಕೌದಿಗಳ ನಡುವೆ ಬ್ಯಾಂಡು. ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಟ್ರಂಪೆಟ್ಟು ಒಂದು ಸಲ ಊದಿದ ಕೂಡಲೇ ಮೇಸ್ತ್ರಿಯ ಮೀಟರಿನ ಮುಳ್ಳು ಕೆಂಪಿಗೆ ಬಡಿದು ನಿಂತಿತು.

"ಏನಪಾ, ಕಿವುಡರ ಸಂತ್ಯಾಗ ಊದಾಕ ಹತ್ತೀಯೇನು? ಹೊರಗ ನಡಿ!" ಎಂದು ಅವನನ್ನು ಪಡಸಾಲೆಗೆ ಅಟ್ಟಿದ. ಪಾಪ, ನಮ್ಮ ಟ್ರಂಪೆಟ್ಟಿನವನು ಅಲ್ಲಿ ಗೋಡೆಗೆ ಮುಖ ಮಾಡಿ ನಿಂತು ಊದಿದ. ನನ್ನ ಡ್ರಮ್ಮಿನ ಒಂದು ಮೈಗೆ ಕೌದಿ ಹೊದಿಸಿದರು. ಉಸ್ತಾದರು ಕ್ಲಾರಿನೆಟ್ಟಿನ ಮೂತಿಯ ಮೇಲೆ ಸೈಕಲ್ ಟ್ಯೂಬಿನ ಒಂದು ತುಣುಕು ಅಂಟಿಸಿಕೊಂಡಿದ್ದರು, ಹಲ್ಲಿಗೆ ಪೆಟ್ಟಾಗದಂತೆ. ಹಲ್ಲಿನ ಬುಡಕ್ಕೆ ಲವಂಗದ ಎಣ್ಣೆ. ಇಡೀ ಕೋಣೆ ಲವಂಗ ಮತ್ತು ಬೆವರಿನ ವಾಸನೆಯಿಂದ ತುಂಬಿತ್ತು.

ಅಷ್ಟು ಕಷ್ಟಪಟ್ಟು ಒಂದು ಧಾಟಿ ಮುಗಿಸಿ ಕೇಳಿದೆವು. ಸ್ವರ ತಪ್ಪಿರಲಿಲ್ಲ, ಲಯ ತಪ್ಪಿರಲಿಲ್ಲ. ಆದರೆ ಸತ್ತ ಮೀನಿನ ಹಾಗೆ ಬಿದ್ದುಕೊಂಡಿತ್ತು. ಅಡ್ಡಪೆಟ್ಟು ಇರಬೇಕಾದ ಜಾಗದಲ್ಲಿ ಇತ್ತು, ಕೇಳಿದವರ ಹೆಗಲು ಏಳುತ್ತಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು. ಅಡ್ಡಪೆಟ್ಟು ಹೊಡೆಯುವವನು ನಾನು, ಅದು ಸತ್ತಿದ್ದರೆ ಕೊಂದವನೂ ನಾನೇ ಆಗಬೇಕು.

"ಹಳೇದು ಹಚ್ಚು, ಕೇಳೂಣು," ಎಂದರು ಉಸ್ತಾದರು.

ಮೇಸ್ತ್ರಿ ಸ್ಪೂಲು ಹಚ್ಚಿದ. ಅದು ಶುರುವಾದ ಕೂಡಲೇ ಪಡಸಾಲೆಯಲ್ಲಿದ್ದ ಟ್ರಂಪೆಟ್ಟಿನವನು ಒಳಗೆ ಓಡಿ ಬಂದ. ಅಬ್ಬಾ, ಏನು ವೇಗ! ಏನು ಜಿಗಿತ! ಹುಡುಗರು ಹುಡುಗರೇ ಎಂದು ಎಲ್ಲರೂ ಮುಖ ಮುಖ ನೋಡಿಕೊಂಡೆವು. ನಾವು ನಿಧಾನವಾಗಿದ್ದೇವೆ, ಅಷ್ಟೇ ಕಾರಣ ಎಂದು ತೀರ್ಮಾನವಾಯಿತು. ಅಲ್ಲಿಂದ ನಾವು ನಮ್ಮ ಪ್ರಾಯದ ಹಿಂದೆ ಬಿದ್ದೆವು. ಓಡಿದೆವು, ಬಿದ್ದೆವು, ಎದ್ದು ಮತ್ತೆ ಓಡಿದೆವು. ನನ್ನ ಮಣಿಕಟ್ಟು ಬಾತುಕೊಂಡಿತು. ಉಸ್ತಾದರ ತುಟಿಯ ಮೇಲೂ ಬಾವು ಬಂತು. ಚಾಚಿ, ಅಂದರೆ ಅವರ ಹೆಂಡತಿ, ಹಾಲಿನಲ್ಲಿ ರೊಟ್ಟಿ ನೆನೆಹಾಕಿ ಕೊಡುತ್ತ ನಮಗೆಲ್ಲ ಬೈದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ.

ಗುಟ್ಟು ಹೊರಬಿದ್ದದ್ದು ಹೀಗೆ. ಹಳೆಯದರ ಜೊತೆಗೇ ನುಡಿಸಿ ಅದರ ನಡೆ ಹಿಡಿಯಬೇಕೆಂದು ಉಸ್ತಾದರು ಕ್ಲಾರಿನೆಟ್ಟು ಎತ್ತಿಕೊಂಡರು. ಎರಡರ ಸ್ವರವೂ ಒಂದಕ್ಕೊಂದು ಕೂಡಲಿಲ್ಲ. ಮೇಸ್ತ್ರಿಯ ಹಾರ್ಮೋನಿಯಂ ತರಿಸಿ ಬೆರಳಿಟ್ಟು ನೋಡಿದರು. ಸ್ಪೂಲಿನ ಹಾಡು ನಮ್ಮ ವಾದ್ಯಗಳು ನುಡಿಯುವುದಕ್ಕಿಂತ ಅರ್ಧ ಸ್ವರಕ್ಕೂ ಮೇಲಿತ್ತು. ಕ್ಲಾರಿನೆಟ್ಟು ಅದೇ, ಟ್ರಂಪೆಟ್ಟು ಅದೇ, ಸ್ವರ ಹೇಗೆ ಏರಿತು? ಮೇಸ್ತ್ರಿ ಹಣೆ ಬಡಿದುಕೊಂಡು ನಗತೊಡಗಿದ.

"ಅವತ್ತ ನಿಮ್ಮ ಇಳಕಲ್ಲಾಗ ಕರೆಂಟು ಸಪ್ಪಗಿತ್ತ್ರೀ! ಮಷೀನ ಸಾವಕಾಶ ತಿರಗಿ ಹಿಡದೈತಿ. ಈಗ ಪೂರಾ ಕರೆಂಟಿನ್ಯಾಗ ಓಡಾಕ ಹತ್ತೇತಿ. ನೀವೇನ ಕುದರಿ ಇರಲಿಲ್ಲ ಬಿಡ್ರಿ."

ಅವನು ಮಷೀನಿನ ವೇಗವನ್ನು ಬೆರಳಿನಿಂದ ಒತ್ತಿ ಸ್ವಲ್ಪ ತಡೆದು, ಸ್ವರ ಹಾರ್ಮೋನಿಯಂಗೆ ಕೂಡುವಂತೆ ಮಾಡಿದ. ಕೇಳಿದರೆ, ನಾವು ಮೊದಲ ದಿನ ಕೋಣೆಯಲ್ಲಿ ಬಾರಿಸಿದ್ದೆವಲ್ಲ, ಹೆಚ್ಚು ಕಡಿಮೆ ಅದೇ ವೇಗ. ಟ್ರಂಪೆಟ್ಟಿನವನು ನೆಲದ ಮೇಲೆ ಕೂತೇಬಿಟ್ಟ. "ಪ್ರಾಯದಾಗೂ ನಾವು ಇಷ್ಟ ಇದ್ದಿವೇನೋ ದೋಸ್ತ!" ಎಂದು ನನ್ನ ಬೆನ್ನಿಗೆ ಗುದ್ದಿದ. ಬಾವು ಬಂದ ತುಟಿ ಹಿಡಿದುಕೊಂಡು ಉಸ್ತಾದರು ನಕ್ಕ ನಗೆ ನೋಡಬೇಕಿತ್ತು. ಇಷ್ಟು ದಿನ ನಮ್ಮನ್ನು ಓಡಿಸಿದ್ದು ಸಪ್ಪಗಿನ ಕರೆಂಟು.

ಆದರೂ ಒಂದು ಮಾತು ಉಳಿಯಿತು. ವೇಗ ಒಂದೇ ಆದರೂ ಸ್ಪೂಲಿನಲ್ಲಿ ಜೀವ ಇತ್ತು, ನಮ್ಮದರಲ್ಲಿ ಇರಲಿಲ್ಲ. ಉಸ್ತಾದರು ಮಂಕಾಗಿ ಕೂತರು. ಮೇಸ್ತ್ರಿ ಅಷ್ಟರಲ್ಲಿ ತನ್ನ ಕೆಲಸ ತಾನು ನೋಡಿಕೊಳ್ಳುತ್ತಿದ್ದ. ಹಳೆಯದನ್ನು ಕ್ಯಾಸೆಟ್ಟಿಗೆ ಇಳಿಸಬೇಕು, ಆದರೆ ಅದರ ಹಿಂದೆ ಉದ್ದಕ್ಕೂ ಖಟ್ ಖಟ್ ಎಂಬ ಗಲಾಟೆ ಇದೆ, ಅದನ್ನು ತೆಗೆಯಬೇಕು ಎಂದು ಗುಂಡಿಗಳನ್ನು ತಿರುಗಿಸತೊಡಗಿದ. ಚೂಪಾದ ಸದ್ದನ್ನೆಲ್ಲ ಇಳಿಸಿದ. ಖಟ್ ಖಟ್ ಅಡಗಿತು. ಕ್ಲಾರಿನೆಟ್ಟು ಕೊಂಚ ಮಂದವಾದರೂ ಚೊಕ್ಕವಾಗಿ ಕೇಳಿತು. ಆದರೆ ನನ್ನ ಅಡ್ಡಪೆಟ್ಟು? ಆ ಹಳೆಯ, ಹೆಗಲು ಎಬ್ಬಿಸುವ ಅಡ್ಡಪೆಟ್ಟು ಕೂಡ ಸತ್ತು ಮಲಗಿತು.

ಉಸ್ತಾದರು ತಲೆ ಎತ್ತಿದರು. "ಅದನ್ನ ಹೊಳ್ಳಿ ತಾ."

"ಯಾವದ್ರೀ?"

"ಆ ಖಟ್ ಖಟ್."

ಮೇಸ್ತ್ರಿ ಗುಂಡಿಗಳನ್ನು ಹಿಂದಕ್ಕೆ ತಿರುಗಿಸಿದ. ಖಟ್ ಖಟ್ ಬಂತು, ಅದರ ಜೊತೆಗೆ ಜೀವವೂ ಬಂತು. ಮತ್ತೆ ಇಳಿಸಿದ, ಹೋಯಿತು. ಮತ್ತೆ ಏರಿಸಿದ, ಬಂತು. ಉಸ್ತಾದರು, ಟ್ರಂಪೆಟ್ಟಿನವನು, ನಾನು, ಮೂವರೂ ಒಮ್ಮೆಗೇ ಒಂದೇ ಮಾತು ಅಂದೆವು: "ಮಗ್ಗ!"

ಸ್ಪೂಲು ತುಂಬಿದ ಕಾಲದಲ್ಲಿ ನಾವು ತಾಲೀಮು ಮಾಡುತ್ತಿದ್ದದ್ದು ಇಳಕಲ್ಲಿನ ನೇಕಾರರ ಓಣಿಯ ಒಂದು ಮನೆಯ ಪಡಸಾಲೆಯಲ್ಲಿ. ಅದೇ ಪಡಸಾಲೆಯಲ್ಲಿ ಮನೆಯ ಯಜಮಾನನ ಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಅವನು ಸೀರೆ ನೇಯುತ್ತಿದ್ದ. ಬ್ಯಾಂಡಿನವರಿಗಾಗಿ ಕೆಲಸ ನಿಲ್ಲಿಸುವ ಮನುಷ್ಯ ಅವನಲ್ಲ. ಲಾಳಿ ಅತ್ತಿಂದಿತ್ತ ಓಡಿ ಖಟ್ ಎನ್ನುತ್ತಿತ್ತು, ಹಿಂದೆಯೇ ಹಲಗೆ ಧಪ್ ಎಂದು ನೂಲನ್ನು ಬಡಿಯುತ್ತಿತ್ತು. ಅವನ ಧಪ್ಪಿನ ಮೇಲೆ ನಾನು ಹೊಡೆದರೆ ನನ್ನ ಪೆಟ್ಟು ನನಗೇ ಕೇಳುತ್ತಿರಲಿಲ್ಲ. ಕೇಳಬೇಕೆಂದರೆ ಸಂದಿನಲ್ಲಿ ಹೊಡೆಯಬೇಕು. ಹಾಗೆ ಹೊಡೆದು ಹೊಡೆದು ಅದೇ ನನ್ನ ಕೈಗೆ ಹತ್ತಿತು. ಮೆರವಣಿಗೆಯಲ್ಲಿ ಮಗ್ಗ ಇರದಿದ್ದರೂ ಅದು ನಮ್ಮ ಕಿವಿಯಲ್ಲಿ ನಡೆಯುತ್ತಿರುತ್ತಿತ್ತು. ಮುಂದೆ ತಾಲೀಮಿಗೆ ಊರ ಹೊರಗಿನ ಬಂಡಿ ಶೆಡ್ಡಿಗೆ ಹೋದೆವು. ವರ್ಷಗಳು ಕಳೆದಂತೆ ಕಿವಿಯೊಳಗಿನ ಮಗ್ಗ ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ. ನಾನು ಸಂದಿನಲ್ಲಿ ಹೊಡೆಯುವುದನ್ನು ಮರೆತಿರಲಿಲ್ಲ, ಸಂದು ಯಾವುದರ ನಡುವಿನದು ಎಂಬುದನ್ನೇ ಮರೆತಿದ್ದೆ.

"ಗಂಟು ಕಟ್ರಿ," ಎಂದರು ಉಸ್ತಾದರು. "ಇಳಕಲ್ಲಿಗೆ ನಡ್ರಿ."

ಮೇಸ್ತ್ರಿ ಹೌಹಾರಿದ. "ಫ್ಯಾನಿನ ಸಪ್ಪಳ ಬರಬಾರದಂತ ಇಷ್ಟ ದಿನ ಕುದ್ದು ಸತ್ತೇನಿ, ಈಗ ಮಗ್ಗದ ಮುಂದ ಮೈಕ್ ಇಡಂತೀರಲ್ರೀ! ನನ್ನ ಕಸಬಿಗೆ ಕಲ್ಲ ಹಾಕ್ತೀರೇನ್ರಿ?"

"ನಿನ್ನ ಕಿವೀನ ನಮಗ ಮಗ್ಗ ತೋರಿಸಿಕೊಟ್ಟೈತಿ. ಈಗ ಅದ ಕಿವಿ ತೊಗೊಂಡು ಬಾ," ಎಂದರು ಉಸ್ತಾದರು. ಹೊಗಳಿಕೆಗೆ ಕರಗದವರು ಯಾರು? ಮೇಸ್ತ್ರಿ ಬಂದ. ಬರುವಾಗ ಕರೆಂಟು ಏರಿಳಿಯದಂತೆ ಕಾಯುವ ಸ್ಟೆಬಿಲೈಜರನ್ನು ಮರೆಯದೆ ಹೊತ್ತು ತಂದ.

ನೇಕಾರರ ಓಣಿಯ ಆ ಮನೆಯ ಯಜಮಾನ ತೀರಿಹೋಗಿದ್ದ. ಅದೇ ಮಗ್ಗದಲ್ಲಿ ಅವನ ಸೊಸೆ ಕೂತಿದ್ದಳು. ನಾವು ಅಲ್ಲಿ ತಾಲೀಮು ಮಾಡುತ್ತಿದ್ದಾಗ ಆಕೆ ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದ ಮದುಮಗಳು, ಬಾಗಿಲ ಮರೆಯಿಂದ ಇಣುಕುತ್ತಿದ್ದವಳು. ಈಗ ಕನ್ನಡಕ ಹಾಕಿಕೊಂಡು ಕುಣಿಯಲ್ಲಿ ಕೂತು, ನಮ್ಮನ್ನೆಲ್ಲ ಮೇಲಿಂದ ಕೆಳಗೆ ನೋಡಿದಳು.

"ಬಂದ್ರ್ಯಾ? ನಿಮ್ಮ ಗದ್ದಲದಾಗ ನಮ್ಮ ಮಾವ ಎಷ್ಟ ಎಳಿ ಹರಕೊಂಡಾನ ಗೊತ್ತೈತೇನ್ರಿ ಚಾಚಾ?"

"ನಿಮ್ಮ ಮಾವನ ಗದ್ದಲದಾಗ ನಾವು ಬ್ಯಾಂಡ ಕಲತೇವಿ ತಂಗಿ," ಎಂದು ಉಸ್ತಾದರು ಬಂದ ಕಾರಣ ಹೇಳಿದರು. ಹಲ್ಲಿನ ಸುದ್ದಿಯನ್ನೂ ಹೇಳಿದರು. ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು, ಆಮೇಲೆ ಅವರ ಊದಿದ ತುಟಿ ನೋಡಿ ನಗು ನಿಲ್ಲಿಸಿದಳು.

ಆದರೆ ಒಂದು ಅಡಚಣೆ. ಆಗ ಮಗ್ಗದ ಮೇಲೆ ಸೆರಗಿನ ಕೆಲಸ ನಡೆದಿತ್ತು. ಇಳಕಲ್ ಸೀರೆಯ ಸೆರಗಿನಲ್ಲಿ ಕೆಂಪು ಬಿಳಿ ತೆನೆಯ ಚಿತ್ತಾರ ಎತ್ತುವಾಗ ಕೈ ನಿಂತು ನಿಂತು ನಡೆಯುತ್ತದೆ, ಬಣ್ಣ ಬದಲಿಸಬೇಕು, ಎಳೆ ಎಣಿಸಬೇಕು, ಅಲ್ಲಿ ಲಯವೇ ಇಲ್ಲ. ಅದಾದ ಮೇಲೆ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವ ಕೆಲಸ ಬೇರೆ. ಒಡಲು ಶುರುವಾದ ಮೇಲಷ್ಟೇ ಲಾಳಿ ಒಂದೇ ಸಮನೆ ಓಡುತ್ತದೆ.

"ಒಡಲಿಗೆ ಬರೂತನಕ ಕಾಯ್ರಿ," ಎಂದಳು. "ಸೆರಗು ಅರ್ಧಕ್ಕ ಬಿಟ್ಟು ಏಳೂದು ನಮ್ಮ ಮನ್ಯಾಗ ಇಲ್ಲ."

ಕಾದೆವು. ನನಗೆ ಜೀವ ನಿಲ್ಲುತ್ತಿರಲಿಲ್ಲ. ಉಸ್ತಾದರ ಬಾವು ಕೆನ್ನೆಗೆ ಏರಿತ್ತು, ಡಾಕ್ಟರರ ಮಾತು ನನ್ನ ತಲೆಯಲ್ಲಿ ಕುಟ್ಟುತ್ತಿತ್ತು. "ಉಸ್ತಾದ್ರ, ದವಾಖಾನಿಗಿ ಹೋಗೂಣ, ಕ್ಯಾಸೆಟ್ಟ ಸುಡ್ಲಿ," ಎಂದೆ ಒಂದು ಸಲ. ಅವರು ಮಗ್ಗದ ಪಕ್ಕ ಗೋಡೆಗೊರಗಿ ಕೂತು, ಕೆನ್ನೆಗೆ ಬಿಸಿ ಬಟ್ಟೆ ಒತ್ತಿಕೊಂಡು, ಆಕೆಯ ಬೆರಳು ಕೊಂಡಿ ಹಾಕುವುದನ್ನು ನೋಡುತ್ತಿದ್ದರು. ಮೇಸ್ತ್ರಿ ಮಾತ್ರ ಚಾಚಿಯ ಕೈಯಡಿಗೆ ಉಂಡು ಉಂಡು ಗುಂಡಗಾದ.

ಕೊನೆಗೊಂದು ಮುಂಜಾನೆ ಓಣಿಯಿಂದ ಕರೆ ಬಂತು: "ಒಡಲ ಹಿಡದೇನಿ, ಬರ್ರಿ!"

ಮೇಸ್ತ್ರಿ ಒಂದು ಮೈಕನ್ನು ಜಂತಿಗೆ ಕಟ್ಟಿ ಮಗ್ಗದ ಮೇಲೆ ಇಳಿಬಿಟ್ಟ. ಇನ್ನೊಂದು ಉಸ್ತಾದರ ಮುಂದೆ. ಟ್ರಂಪೆಟ್ಟಿನವನನ್ನು ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ನಿಲ್ಲಿಸಿದ. ನಾನು ಕುಣಿಗೆ ಹತ್ತಿರ, ಹಲಗೆಯ ಧಪ್ಪು ನನ್ನ ಅಂಗಾಲಿಗೆ ತಾಗುವಷ್ಟು ಹತ್ತಿರ. ಆಕೆ ಹಗ್ಗ ಜಗ್ಗಿದಳು. ಖಟ್, ಧಪ್. ಖಟ್, ಧಪ್. ನನ್ನ ಕೈ ಎದ್ದಿತು. ಎದ್ದ ಕೈ ಸಂದನ್ನು ಹುಡುಕಲಿಲ್ಲ, ನೆಟ್ಟಗೆ ಹೋಗಿ ಅಲ್ಲೇ ಬಿತ್ತು. ಆ ಕ್ಷಣ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಟ್ರಂಪೆಟ್ಟಿನವನು ಹೊರಗಿನಿಂದಲೇ "ವ್ಹಾರೆವ್ಹಾ!" ಎಂದು ಕೂಗಿದ, ಆ ಟೇಪು ಹಾಳಾಯಿತು.

ಎರಡನೇ ಸಲ ಮಗ್ಗದ ಎಳೆ ಹರಿಯಿತು. ಮಗ್ಗ ನಿಂತಿತು, ನಾವೂ ಒಬ್ಬರ ಮೇಲೊಬ್ಬರು ಬಿದ್ದವರಂತೆ ನಿಂತೆವು. "ನಾ ಅಂದಿದ್ದಿಲ್ಲೇನು?" ಎಂದು ಆಕೆ ಎಳೆ ಗಂಟು ಹಾಕಿದಳು. ಅಷ್ಟರಲ್ಲಿ ಮೇಸ್ತ್ರಿ ಗಡಿಯಾರ ನೋಡಿ ಹೊಸ ತಕರಾರು ತೆಗೆದ. ಆಕೆಯ ಕೈ ಮಾವನ ಕೈಗಿಂತ ಚುರುಕು, ಸ್ಪೂಲಿನ ವೇಗಕ್ಕೆ ಇದು ಕೂಡುವುದಿಲ್ಲ, ಕ್ಯಾಸೆಟ್ಟಿನ ಎರಡು ಮಗ್ಗಲು ಎರಡು ತರಹ ಆಗುತ್ತವೆ ಎಂದ. ಸ್ವಲ್ಪ ನಿಧಾನ ನೇಯಲು ಆಕೆಗೆ ಹೇಳಿ ಎಂದ.

ನಾವೆಲ್ಲ ಉಸ್ತಾದರ ಕಡೆ ನೋಡಿದೆವು. ಅವರ ಹಲ್ಲಿನ ಸ್ಥಿತಿಯಲ್ಲಿ ನಿಧಾನವಾದರೆ ಅವರಿಗೇ ಸುಲಭ.

"ಬ್ಯಾಡ," ಎಂದರು ಅವರು. "ಮಾವನ ಕೈ ಆ ಸ್ಪೂಲಿನ್ಯಾಗ ಐತಿ. ಇದು ಸೊಸಿ ಕೈ. ಯವ್ವಾ, ನೀ ನಿನ್ನಂಗ ನೇಯಿ, ನಿನ್ನ ಬೆನ್ನ ಹತ್ತಿ ಬರೂದು ನಮ್ಮ ಕೆಲಸ."

ಆಕೆ ಕನ್ನಡಕ ಮೇಲೇರಿಸಿಕೊಂಡಳು. ಬಿಟ್ಟಳು ನೋಡಿ ಲಾಳಿ! ಅಂಥ ಮಗ್ಗ ನಾನು ಕೇಳಿಲ್ಲ. ಎದುರುಗೊಳ್ಳುವ ಧಾಟಿ, ಮದುಮಕ್ಕಳಿಗೆ ನೀರೆರೆಯುವ ಸುರಗಿಯ ಧಾಟಿ, ಕಣದಲ್ಲಿ ಹಾಡುವ ಹಂತಿ ಹಾಡಿನ ಧಾಟಿ, ಒಂದರ ಹಿಂದೆ ಒಂದು ಹಿಡಿದೆವು. ಉಸ್ತಾದರ ತುಟಿಯಂಚಿನಿಂದ ಸಣ್ಣಗೆ ರಕ್ತ ಇಳಿಯುತ್ತಿತ್ತು. ನಾನು ನಿಲ್ಲಿಸಬೇಕೆಂದು ಕೈ ಇಳಿಸುವಷ್ಟರಲ್ಲಿ ಅವರು ಕಣ್ಣಿನಿಂದಲೇ ಗದರಿಸಿದರು. ಬಾದಾಮಿಯಲ್ಲಿ ಬಿದ್ದುಹೋಗಿದ್ದ ಆ ಮೇಲಿನ ಸ್ವರ ಬಂತು. ಅವರು ಕಣ್ಣು ಮುಚ್ಚಿ ಏರಿದರು, ಮುಟ್ಟಿದರು, ಮುಟ್ಟಿ ಅಲ್ಲೇ ನಿಂತರು. ಸಾಕೆಂದು ಅನಿಸಿದ ಮೇಲೆ ತಾವಾಗಿ ಇಳಿದರು. ಬಾಗಿಲಲ್ಲಿ ಓಣಿಯ ಜನವೆಲ್ಲ ನೆರೆದಿದ್ದರು. ಒಬ್ಬರೂ ಕೆಮ್ಮಲಿಲ್ಲ, ಆದರೆ ಎಲ್ಲರ ಹೆಗಲೂ ಕುಣಿಯುತ್ತಿದ್ದವು.

ಮೇಸ್ತ್ರಿ ಟೇಪನ್ನು ಹಿಂದಕ್ಕೆ ಸುತ್ತಿ ಕೇಳಿಸಿದ. ಉಸ್ತಾದರು ಕುಣಿಯ ಅಂಚಿಗೆ ಕೂತು, ಕೆನ್ನೆ ಹಿಡಿದುಕೊಂಡು, ಮೊದಲಿನಿಂದ ಕೊನೆಯವರೆಗೆ ಕೇಳಿದರು. ಹೊಗಳುತ್ತಾರೋ, ಇನ್ನೊಮ್ಮೆ ಎನ್ನುತ್ತಾರೋ ಎಂದು ನಾವು ಕಾದು ಕೂತಿದ್ದೆವು.

"ತಮ್ಮಾ, ಬಾಗಲಕೋಟಿಗೆ ಈಗ ಬಸ್ ಐತೇನು?" ಎಂದರು ನನಗೆ. "ನಡಿ, ಕೀಳಸೂಣು."

ಹಲ್ಲು ಕಿತ್ತಾಗ ಅವರು ಹಾಂ ಹೂಂ ಎನ್ನಲಿಲ್ಲ. ದವಾಖಾನೆಯ ಹೊರಗೆ ಬಂದು ಕೂತಾಗ ಮಾತ್ರ, ಹತ್ತಿ ಕಚ್ಚಿದ ಬಾಯಿಯಿಂದ ಏನೂ ಹೇಳಲಾಗದೆ, ಬೆರಳುಗಳನ್ನು ಗಾಳಿಯಲ್ಲಿ ಕ್ಲಾರಿನೆಟ್ಟಿನ ಮೇಲೆ ಆಡಿಸುವಂತೆ ಆಡಿಸಿದರು. ನಾನು ಅತ್ತೆ. ಅವರು ನನ್ನ ತಲೆಯ ಮೇಲೊಂದು ಕೊಟ್ಟರು.

ಮೇಸ್ತ್ರಿ ಕ್ಯಾಸೆಟ್ಟು ಹೊರತಂದ. ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಅದು ಹಾಡತೊಡಗಿತು. ಹುನಗುಂದದ ಸಾವಕಾರರು ಅಂಗಡಿಗೆ ಬಂದವರಿಗೆಲ್ಲ ಕೇಳಿಸಿ ವ್ಯಾಪಾರ ಮರೆತರು. ಜನ ಮತ್ತೆ ಅಡ್ಡಪೆಟ್ಟು ಬೇಕೆಂದು ಕೇಳಿಕೊಂಡು ಬರತೊಡಗಿದರು. ಹಾಗೆ ಬಂದ ಕರೆಗಳಲ್ಲಿ ಮೊದಲನೆಯದು ಹುನಗುಂದದ ಒಂದು ಮದುವೆ. ಮುಂದಾಳುತನ ಟ್ರಂಪೆಟ್ಟಿನವನ ಪಾಲಿಗೆ ಬಂತು. ಉಸ್ತಾದರಿಲ್ಲದ ಮೊದಲ ಮೆರವಣಿಗೆ ಎಂದು ನಾವು ಕಾಲೆಳೆಯುತ್ತ ಸಾಲು ಹಿಡಿಯುತ್ತಿದ್ದೆವು. ಆಗ ನೋಡಿದರೆ ಉಸ್ತಾದರು, ಕೆಂಪು ಕೋಟು ತೊಟ್ಟು, ಕಂಚಿನ ಝಾಂಜು ಎರಡು ಕೈಯಲ್ಲಿ ಹಿಡಿದುಕೊಂಡು ನೆಟ್ಟಗೆ ಹಿಂದಿನ ಸಾಲಿಗೆ ಬಂದು ನನ್ನ ಪಕ್ಕ ನಿಂತರು.

"ಉಸ್ತಾದ್ರ, ನೀವು ಇಲ್ಲೆ?"

"ಯಾಕಲೇ, ಝಾಂಜ್ ಬಾರ್ಸಾಕ ಹಲ್ಲ ಬೇಕಾಗ್ತಾವೇನು?"

ಮೆರವಣಿಗೆ ಹೊರಟಿತು. ಇಷ್ಟು ವರ್ಷ ನಾನು ಅವರ ಬೆನ್ನು ನೋಡಿಕೊಂಡು ಬಾರಿಸಿದವನು. ಅವರು ನುಡಿಸುವಾಗ ಮುಖ ಹೇಗಿರುತ್ತದೆಂದು ನಾನು ಸರಿಯಾಗಿ ನೋಡಿರಲೇ ಇಲ್ಲ. ಝಾಂಜು ನನ್ನ ಪೆಟ್ಟಿನ ಜೊತೆ, ಹೆಜ್ಜೆ ನೆಲ ಬಿಟ್ಟು ಎದ್ದಾಗಲೇ ಬೀಳುತ್ತಿತ್ತು. ನಾನು ಒಂದು ಕಡೆ ಲಯ ಬಿಟ್ಟು ಮುಂದೆ ಓಡಿದಾಗ ಮೊಣಕೈಯಿಂದ ತಿವಿದು, "ಓಡಬ್ಯಾಡ ಮಗನ," ಎಂದರು. ಎಂದವರೇ ಬೋಳು ವಸಡು ತೋರಿಸಿ ನಕ್ಕರು. ನನಗೂ ನಗು ತಡೆಯಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡು ಬಾರಿಸುತ್ತ ಹೊರಟೆವು, ಹೊರಟೇ ಹೊರಟೆವು, ಹಿಂದಿನಿಂದ ಯಾರೋ ಓಡಿ ಬಂದು ಮದುವೆ ಮನೆ ದಾಟಿ ಬಹಳ ದೂರ ಬಂದಿದ್ದೀರಿ ಎಂದು ಕೂಗುವವರೆಗೆ.